ಶ್ಯಾಮನ ತಾಯಿ ಮತ್ತು ಸಾನೆ ಗುರೂಜಿ

ಮರಾಠಿ ಮನೆಗಳಲ್ಲಿ ತಲೆಮಾರುಗಳಿಂದ ಮಕ್ಕಳ ಕೈಗಿಡುತ್ತ ಬಂದಿರುವ ಪುಸ್ತಕಗಳಲ್ಲಿ ‘ಶ್ಯಾಮಚೀ ಆಯೀ’ ಪ್ರಮುಖವಾದುದು. ಮಾತೃಪ್ರೇಮದ ಸ್ತೋತ್ರವೆಂದೇ ಅದು ಪ್ರಸಿದ್ಧವಾಗಿದೆ. ಆದರೆ ಕರ್ತೃವಾದ ಪಾಂಡುರಂಗ ಸದಾಶಿವ ಸಾನೆಯವರ ಬದುಕಿನ ಜೊತೆಗಿಟ್ಟು ಓದಿದಾಗ, ತಾಯಿಯಿಂದ ಪಡೆದುದನ್ನು ಮಗನೊಬ್ಬನು ತಾಯಿ ನಿಂತ ಎಲ್ಲೆಯ ಆಚೆಗೂ ಕೊಂಡೊಯ್ದ ಕಥನ ಅದರಲ್ಲಿ ಕಾಣಿಸುತ್ತದೆ.

ಸಾನೆಯವರು ಜನಿಸಿದ್ದು 1899ರ ಡಿಸೆಂಬರ್ 24ರಂದು, ಕೊಂಕಣದ ರತ್ನಾಗಿರಿ ಜಿಲ್ಲೆಯ ಪಾಲಗಡ ಗ್ರಾಮದಲ್ಲಿ. ತಂದೆ ಸದಾಶಿವರಾಯರದು ಗ್ರಾಮದ ಕಂದಾಯ ವಸೂಲಿಯ ಹಕ್ಕು ಪಡೆದಿದ್ದ ಖೋತ ಮನೆತನ. ಒಂದು ಕಾಲಕ್ಕೆ ಅನುಕೂಲಸ್ಥವಾಗಿದ್ದ ಆ ಮನೆತನ ಸಾಲದ ಹೊರೆಯಲ್ಲಿ ಕುಸಿಯಿತು. ಬಡತನದ ನಡುವೆ ಮಕ್ಕಳ ನಡತೆಯನ್ನು ರೂಪಿಸಿದವರು ತಾಯಿ ಯಶೋದಾಬಾಯಿ. ಮಗ ದಾಪೋಲಿ, ಔಂಧ್, ಪುಣೆಗಳಲ್ಲಿ ಪರರ ಆಶ್ರಯದಲ್ಲಿ, ಅರೆಹೊಟ್ಟೆಯಲ್ಲಿ ವ್ಯಾಸಂಗ ಮಾಡಿದರು. 1917ರಲ್ಲಿ ತಾಯಿ ತೀರಿಕೊಂಡಾಗ ಅವರು ಹತ್ತಿರವಿರಲಿಲ್ಲ. ಈ ಕೊರಗು ಅವರನ್ನು ಕಡೆಯವರೆಗೂ ಬಿಡಲಿಲ್ಲ.

ಎಂ.ಎ. ಪದವಿಯ ನಂತರ 1924ರಲ್ಲಿ ಅವರು ಖಾನದೇಶದ ಅಮಳನೇರಿನ ಪ್ರತಾಪ ಹೈಸ್ಕೂಲಿನಲ್ಲಿ ಅಧ್ಯಾಪಕರಾದರು. ವಿದ್ಯಾರ್ಥಿನಿಲಯದ ಹೊಣೆಯೂ ಅವರಿಗೆ ಬಂದಿತು. ಹುಡುಗರ ಕೋಣೆ ಗುಡಿಸುವುದು, ಹಾಸಿಗೆ ಮಡಿಸುವುದು, ಕಾಯಿಲೆ ಬಿದ್ದವರ ಶುಶ್ರೂಷೆ ಮಾಡುವುದು ಅವರಿಗೆ ಪಾಠದಷ್ಟೇ ಮುಖ್ಯವಾದ ಕೆಲಸಗಳಾಗಿದ್ದವು. ತಾಯಿಗೆ ಮಾಡಲಾಗದೆ ಉಳಿದ ಸೇವೆ ಇಲ್ಲಿ ಪರರ ಮಕ್ಕಳ ಪಾಲಿಗೆ ಸಂದಿತು. ಗುರೂಜಿ ಎಂಬ ಹೆಸರು ಅವರಿಗೆ ಅಂಟಿಕೊಂಡದ್ದು ಈ ಕಾಲದಲ್ಲಿಯೇ.

1930ರಲ್ಲಿ ಅವರು ಉದ್ಯೋಗ ತ್ಯಜಿಸಿ ಸತ್ಯಾಗ್ರಹಕ್ಕೆ ಧುಮುಕಿದರು. ಸೆರೆಮನೆಯೇ ಅವರ ಸಾಹಿತ್ಯದ ಕಾರ್ಯಾಗಾರವಾಯಿತು. 1932ರಲ್ಲಿ ಧುಳೆಯ ಸೆರೆಮನೆಯಲ್ಲಿ ವಿನೋಬಾ ಅವರು ನೀಡಿದ ಗೀತಾಪ್ರವಚನಗಳನ್ನು ಬರೆದುಕೊಂಡು ಉಳಿಸಿದವರು ಗುರೂಜಿಯೇ. 1933ರ ಫೆಬ್ರವರಿಯಲ್ಲಿ, ನಾಸಿಕದ ಸೆರೆಮನೆಯಲ್ಲಿ, ಐದೇ ದಿನಗಳಲ್ಲಿ ‘ಶ್ಯಾಮಚೀ ಆಯೀ’ ಸಿದ್ಧವಾಯಿತು, 1935ರಲ್ಲಿ ಪ್ರಕಟವಾಯಿತು. ಶ್ಯಾಮನೆಂಬಾತ ರಾತ್ರಿಗೊಂದರಂತೆ ಆಶ್ರಮದ ಗೆಳೆಯರಿಗೆ ಹೇಳುವ ತಾಯಿಯ ನೆನಪುಗಳ ರೂಪದಲ್ಲಿ ಕೃತಿಯ ಹಂದರವಿದೆ.

ಅಲ್ಲಿಯ ತಾಯಿ ಕೇವಲ ಮಮತೆಯ ಮೂರ್ತಿಯಲ್ಲ. ಈಜಲು ಹೆದರಿ ಅಡಗಿದ ಮಗನನ್ನು ಹೊಡೆದು ಬಾವಿಗೆ ಅಟ್ಟುತ್ತಾಳೆ. ಈಜಿ ಬಂದವನ ಬಾಸುಂಡೆಗಳನ್ನು ಸವರುತ್ತಾಳೆ. ಸ್ನಾನವಾದ ಮೇಲೆ ಅಂಗಾಲಿಗೆ ಮಣ್ಣು ಹತ್ತಬಾರದೆಂದು ಹಟಹಿಡಿದ ಮಗುವಿಗೆ ತನ್ನ ಸೀರೆಯ ಸೆರಗನ್ನೇ ಹಾಸುತ್ತಾಳೆ. ಮನಸ್ಸನ್ನೂ ಹಾಗೆಯೇ ಕೊಳೆಯಿಂದ ಕಾಯಬೇಕೆಂದು ಕಲಿಸುತ್ತಾಳೆ. ಇವುಗಳಿಗಿಂತ ಮಹತ್ವದ ಪ್ರಸಂಗ ಇನ್ನೊಂದಿದೆ. ಅಸ್ಪೃಶ್ಯಳೆನಿಸಿದ ಮಹಾರ ಮುದುಕಿಯೊಬ್ಬಳು ಸೌದೆಯ ಹೊರೆ ಎತ್ತಲಾರದೆ ನಿಂತಿದ್ದಾಗ, ಹೋಗಿ ಕೈಕೊಡುವಂತೆ ತಾಯಿ ಮಗನಿಗೆ ಹೇಳುತ್ತಾಳೆ. ಮನೆಗೆ ಬಂದ ಮೇಲೆ ಸ್ನಾನ ಮಾಡಬೇಕೆಂಬುದನ್ನೂ ಹೇಳುತ್ತಾಳೆ. ಕರುಣೆ ಮತ್ತು ಮಡಿ ಎರಡೂ ಒಂದೇ ಅಪ್ಪಣೆಯಲ್ಲಿ ಸೇರಿವೆ. ಅಸ್ಪೃಶ್ಯತೆಯ ವಿರುದ್ಧ ಗಾಂಧೀಜಿಯವರ ಆಂದೋಲನ ನಡೆಯುತ್ತಿದ್ದ ಹೊತ್ತಿನಲ್ಲಿ ಬರೆಯುತ್ತಿದ್ದರೂ ಗುರೂಜಿ ಆ ಸ್ನಾನವನ್ನು ಅಳಿಸಲಿಲ್ಲ. ತಾಯಿಯನ್ನು ತಮ್ಮ ಕಾಲಕ್ಕೆ ತಕ್ಕಂತೆ ತಿದ್ದಲಿಲ್ಲ. ತಿದ್ದುವ ಕೆಲಸವನ್ನು ತಮ್ಮ ಬದುಕಿಗೆ ಬಿಟ್ಟರು.

ಪಂಢರಪುರದ ವಿಠ್ಠಲಮಂದಿರದ ಬಾಗಿಲು ಅಸ್ಪೃಶ್ಯರೆನಿಸಿದವರಿಗೆ ಮುಚ್ಚಿತ್ತು. ಜ್ಞಾನೇಶ್ವರರು ಕಾನಡಾ ಎಂದು ಕರೆದ ಆ ದೈವ ಕನ್ನಡಿಗರಿಗೂ ಹತ್ತಿರವಾದುದು. ಮಹಾರಾಷ್ಟ್ರದಲ್ಲೆಲ್ಲ ಸಂಚರಿಸಿ ಜನಮತ ಕೂಡಿಸಿದ ಗುರೂಜಿ 1947ರ ಮೇ 1ರಂದು ಅಲ್ಲಿ ಆಮರಣ ಉಪವಾಸ ಆರಂಭಿಸಿದರು. ಸುಮಾರು ಹತ್ತು ದಿನಗಳ ನಂತರ ಮಂದಿರದ ಆಡಳಿತ ವರ್ಗ ಮಣಿಯಿತು. ಹೊರೆಗೆ ಕೈಕೊಟ್ಟು ಮನೆಗೆ ಮರಳಿ ಮಿಂದ ಹುಡುಗ, ನಡುವಯಸ್ಸಿನಲ್ಲಿ ಆ ಮೀಯುವಿಕೆಯ ಹಿಂದಿನ ನಂಬಿಕೆಯನ್ನೇ ದೇವರ ಬಾಗಿಲಲ್ಲಿ ಪ್ರಶ್ನಿಸಿದಂತಾಯಿತು. ತಾಯಿಯ ಮಾತಿನ ಮೊದಲರ್ಧಕ್ಕೆ ನಿಷ್ಠನಾಗಿರಲು ಎರಡನೆಯ ಅರ್ಧವನ್ನು ಮೀರುವುದು ಅವರಿಗೆ ಅನಿವಾರ್ಯವಾಗಿತ್ತು.

ಗಾಂಧೀಜಿಯವರ ಹತ್ಯೆಯ ಬಳಿಕ ಅವರು ಪ್ರಾಯಶ್ಚಿತ್ತವಾಗಿ 21 ದಿನ ಉಪವಾಸ ಮಾಡಿದರು. 1948ರ ಆಗಸ್ಟ್ 15ರಂದು ‘ಸಾಧನಾ’ ವಾರಪತ್ರಿಕೆಯನ್ನು ಆರಂಭಿಸಿದರು. ಭಾರತೀಯರು ಪರಸ್ಪರರ ಭಾಷೆಗಳನ್ನು ಕಲಿತು ಹತ್ತಿರವಾಗಬೇಕೆಂಬ ಆಂತರಭಾರತಿಯ ಕಲ್ಪನೆಯೂ ಅವರದೇ. ತಮಿಳಿನ ತಿರುಕ್ಕುರಳನ್ನು ಮರಾಠಿಗೆ ತಂದದ್ದು ಇದೇ ಮನೋಧರ್ಮದ ಫಲ. ಪರನಾಡಿನಲ್ಲಿ ಕನ್ನಡ ಓದುವವರಿಗೂ ಕಲಿಸುವವರಿಗೂ ಈ ಕಲ್ಪನೆ ಅಪರಿಚಿತವೆನಿಸಲಾರದು.

ಸ್ವಾತಂತ್ರ್ಯೋತ್ತರ ದಿನಗಳ ನಿರಾಶೆ ಆ ಮೃದು ಮನಸ್ಸನ್ನು ಕವಿಯಿತು. 1950ರ ಜೂನ್ 11ರಂದು, ಐವತ್ತನೆಯ ವಯಸ್ಸಿನಲ್ಲಿ, ಅವರು ತಾವಾಗಿಯೇ ಬದುಕನ್ನು ಮುಗಿಸಿಕೊಂಡರು. ಮೂರು ವರ್ಷಗಳ ನಂತರ, 1953ರಲ್ಲಿ, ಆಚಾರ್ಯ ಅತ್ರೆಯವರು ಈ ಕೃತಿಯನ್ನು ಚಲನಚಿತ್ರವಾಗಿಸಿದರು. ತಾಯಿಯಾಗಿ ವನಮಾಲಾ, ಬಾಲಕ ಶ್ಯಾಮನಾಗಿ ಮಾಧವ ವಝೆ ಅಭಿನಯಿಸಿದರು. 1954ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ಕಥಾಚಿತ್ರಕ್ಕೆ ಮೀಸಲಾದ ರಾಷ್ಟ್ರಪತಿ ಸ್ವರ್ಣಪದಕ ಮೊದಲು ಸಂದದ್ದು ಇದಕ್ಕೆ.

ಭಾರತೀಯ ಸಾಹಿತ್ಯದಲ್ಲಿಯೂ ಚಿತ್ರಗಳಲ್ಲಿಯೂ ತಾಯಿಯನ್ನು ಪೂಜಿಸುವ ಮಕ್ಕಳಿಗೆ ಕೊರತೆಯಿಲ್ಲ. ಪೂಜೆ ಅನೇಕ ವೇಳೆ ತಾಯಿಯನ್ನು ವಿಗ್ರಹವಾಗಿಸಿ ಮಗನನ್ನು ಮಗುವಾಗಿಯೇ ಉಳಿಸಿಬಿಡುತ್ತದೆ. ಗುರೂಜಿಯವರ ಕೃತಿ ತಾಯಿಯ ಮಿತಿಯನ್ನು ಮರೆಮಾಚದೆ ಆಕೆಯನ್ನು ಪ್ರೀತಿಸಿತು. ಅವರ ಬದುಕು ಆ ಮಿತಿಯನ್ನು ದಾಟಿ ಆಕೆಯ ಋಣವನ್ನು ತೀರಿಸಲು ಯತ್ನಿಸಿತು.