ಹುಬ್ಬು ಕೀಳಿಸಿಕೊಳ್ಳದ ಇಂಗ್ರಿಡ್ ಬರ್ಗ್‌ಮನ್

ಇಂಗ್ಲಿಷ್ ಸಿನೆಮಾ ಅಂದರೆ ನಮ್ಮಲ್ಲಿ ಬಹಳ ಮಂದಿಗೆ ಎಲ್ಲವೂ ಒಂದೇ. ಅಮೆರಿಕದ್ದಾಗಲಿ, ಇಟಲಿಯದಾಗಲಿ, ಸ್ವೀಡನ್ನಿನದಾಗಲಿ, ಬೆಳ್ಳಗಿನ ನಾಯಕಿ ಇದ್ದರೆ ಸಾಕು, ಅದು 'ಇಂಗ್ಲಿಷ್ ಪಿಕ್ಚರ್'! ಆದರೆ ಹೆಣ್ಣಿನ ಮುಖವನ್ನೂ ಉಡುಪನ್ನೂ ತೋರಿಸುವ ರೀತಿಯಲ್ಲಿ ಹಾಲಿವುಡ್ಡಿಗೂ ಯುರೋಪಿಗೂ ಅಜಗಜಾಂತರ. ಈ ಎರಡು ಲೋಕಗಳಲ್ಲೂ ಬಾಳಿ, ಎರಡಕ್ಕೂ ಸುಂಕ ತೆತ್ತ ನಟಿಯೊಬ್ಬಳ ಕತೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಆಕೆ ಇಂಗ್ರಿಡ್ ಬರ್ಗ್‌ಮನ್.

ಹುಟ್ಟಿದ್ದು 1915ರ ಆಗಸ್ಟ್ 29, ಸ್ಟಾಕ್‌ಹೋಮಿನಲ್ಲಿ. ಎಳೆತನದಲ್ಲೇ ತಾಯಿ ಹೋದಳು. ತಂದೆಗೆ ಫೋಟೋ ಅಂಗಡಿ. ಮಗಳ ಚಿತ್ರ ತೆಗೆಯುವುದೆಂದರೆ ಅವನಿಗೆ ಎಲ್ಲಿಲ್ಲದ ಹುಚ್ಚು. 1929ರಲ್ಲಿ ಅವನೂ ತೀರಿಕೊಂಡ. ಬಂಧುಗಳ ಮನೆಯಲ್ಲಿ ಬೆಳೆದ ಹುಡುಗಿ 1933ರಲ್ಲಿ ರಾಯಲ್ ಡ್ರಮ್ಯಾಟಿಕ್ ಥಿಯೇಟರಿನ ನಟನಾ ಶಾಲೆ ಸೇರಿದಳು. 1936ರ 'ಇಂಟರ್‌ಮೆಜೋ' ಎಂಬ ಸ್ವೀಡಿಷ್ ಚಿತ್ರದಲ್ಲಿ ಪಿಯಾನೋ ನುಡಿಸುವ ತರುಣಿಯಾದಳು. ಅದನ್ನೇ ಇಂಗ್ಲಿಷಿನಲ್ಲಿ ಮತ್ತೆ ತೆಗೆಯಲು ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ 1939ರಲ್ಲಿ ಆಕೆಯನ್ನು ಹಾಲಿವುಡ್ಡಿಗೆ ಕರೆಸಿಕೊಂಡ.

ಆಗಿನ ಹಾಲಿವುಡ್ ಅಂದರೆ ಮುಖಗಳ ಕಾರ್ಖಾನೆ. ಮಾರ್ಗರಿಟಾ ಕಾನ್ಸಿನೋ ಎಂಬ ಹುಡುಗಿಯ ಹೆಸರು ಬದಲಿಸಿ, ಕೂದಲಿಗೆ ಬಣ್ಣ ಕಟ್ಟಿ, ಹಣೆಯ ಮೇಲಿನ ಕೂದಲನ್ನು ವಿದ್ಯುತ್ತಿನಿಂದ ಸುಟ್ಟು ಹಣೆ ಅಗಲ ಮಾಡಿ 'ರೀಟಾ ಹೇವರ್ಥ್' ಎಂದು ತಯಾರಿಸಿದ್ದು ಅಲ್ಲೇ. ಸೆಲ್ಜ್‌ನಿಕ್ ಇಂಗ್ರಿಡಳಿಗೂ ಇಂಥದೇ ಪಟ್ಟಿ ಕೊಟ್ಟ. ಹೆಸರು ಬದಲಾಗಬೇಕು, ದಪ್ಪ ಹುಬ್ಬು ಕೀಳಬೇಕು, ಹಲ್ಲು ಸರಿಪಡಿಸಬೇಕು. ಆಕೆ ಒಪ್ಪಲೇ ಇಲ್ಲ. ಬೇಡವಾದರೆ ಊರಿಗೆ ವಾಪಸ್ ಹೋಗ್ತೀನಿ ಅನ್ನುವಷ್ಟು ಗಟ್ಟಿಯಾಗಿ ನಿಂತಳು. ಇಪ್ಪತ್ನಾಲ್ಕು ತುಂಬದ, ಭಾಷೆಯೂ ಸರಿಯಾಗಿ ಬಾರದ ಹೆಣ್ಣಿಗೆ ಎಷ್ಟು ಧೈರ್ಯ! ನಮ್ಮಕ್ಕನ ಫೋಟೋವನ್ನು ಗಂಡಿನ ಕಡೆಯವರಿಗೆ ಕಳಿಸುವಾಗ ಸ್ಟುಡಿಯೋದವನು ಬಣ್ಣ ಬೆಳ್ಳಗೆ ಮಾಡಿ ಕೆನ್ನೆಯ ಮಚ್ಚೆಯನ್ನೂ ಅಳಿಸಿಬಿಟ್ಟಿದ್ದ. ಮನೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಅದಕ್ಕೇ ನನಗೆ ಇಂಗ್ರಿಡಳ ಈ 'ಒಲ್ಲೆ' ದೊಡ್ಡದಾಗಿ ಕಾಣುತ್ತದೆ.

ಆದರೆ ಸೆಲ್ಜ್‌ನಿಕ್ ಪಕ್ಕಾ ವ್ಯಾಪಾರಿ. ಎಲ್ಲರ ಅಂಗಡಿಯಲ್ಲೂ ಸಿಗುವ ಸರಕಿಗಿಂತ ಎಲ್ಲೂ ಸಿಗದ ಸರಕಿಗೆ ಬೆಲೆ ಹೆಚ್ಚು ಅನ್ನೋದು ಕಾಮರ್ಸ್ ಓದುವ ನನಗೂ ಗೊತ್ತು. ಆತ ಆ ಸಹಜತೆಯನ್ನೇ ಜಾಹೀರಾತು ಮಾಡಿದ. 1943ರ 'ಫಾರ್ ಹೂಮ್ ದ ಬೆಲ್ ಟೋಲ್ಸ್' ಚಿತ್ರದಲ್ಲಿ ಆಕೆಯದು ಶತ್ರುಗಳು ಬಲವಂತವಾಗಿ ತಲೆ ಬೋಳಿಸಿದ್ದ ಹುಡುಗಿಯ ಪಾತ್ರ. ಪರದೆಯ ಮೇಲೆ ಆ ಗಿಡ್ಡ ಕೂದಲು ಎಷ್ಟು ಮುದ್ದಾಗಿ ಗುಂಗುರಾಯಿತೆಂದರೆ ಅಮೆರಿಕದ ಹೆಂಗಸರು ಸಲೂನಿಗೆ ಹೋಗಿ ಅದನ್ನೇ ಮಾಡಿಸಿಕೊಂಡರು! 1942ರ 'ಕಾಸಾಬ್ಲಾಂಕಾ'ದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬಂದವಳು. ಆದರೂ ಬಿಳಿ ಉಡುಪಿಗೆ ಒಂದು ಸುಕ್ಕಿಲ್ಲ. ಕಣ್ಣಲ್ಲಿ ಮಿನುಗು ಕಾಣಲೆಂದೇ ದೀಪ ಹೊಂದಿಸಿದ್ದರು. ಹುಬ್ಬು ಆಕೆಯದೇ ಉಳಿಯಿತು, ನಿಜ. ಬೆಳಕು, ಬಟ್ಟೆ ಮಾತ್ರ ಸ್ಟುಡಿಯೋದ್ದು.

1944ರ 'ಗ್ಯಾಸ್‌ಲೈಟ್'ಗೆ ಆಸ್ಕರ್ ಬಂತು. 1945ರಲ್ಲಿ ಕ್ರೈಸ್ತ ಸನ್ಯಾಸಿನಿ, 1948ರಲ್ಲಿ ಜೋನ್ ಆಫ್ ಆರ್ಕ್. ಜನ ಆ ವೇಷಗಳನ್ನೇ ಆಕೆಯ ನಿಜರೂಪ ಅಂದುಕೊಂಡರು.

ಅಷ್ಟರಲ್ಲಿ ಆಕೆ ಇಟಲಿಯ ರೊಬರ್ಟೊ ರೊಸೆಲಿನಿಯ 'ರೋಮ್, ಓಪನ್ ಸಿಟಿ' ನೋಡಿದ್ದಳು. 1945ರ ಆ ಚಿತ್ರದಲ್ಲಿ ಆನಾ ಮನ್ಯಾನಿ ಕೆದರಿದ ಕೂದಲಲ್ಲಿ, ಬಡವರ ಮನೆಯ ಬಟ್ಟೆಯಲ್ಲಿ ಲಾರಿಯ ಹಿಂದೆ ಓಡಿ ಬೀದಿಯಲ್ಲೇ ಗುಂಡಿಗೆ ಸಾಯುತ್ತಾಳೆ. ಇಂಗ್ರಿಡ್ ತಾನೇ ಕಾಗದ ಬರೆದು ಕೆಲಸ ಕೇಳಿದಳು. 1949ರಲ್ಲಿ ಜ್ವಾಲಾಮುಖಿಯಿರುವ ಸ್ಟ್ರೊಂಬೊಲಿ ದ್ವೀಪದಲ್ಲಿ ಶೂಟಿಂಗ್. ಇಲ್ಲೂ ಆಕೆ ನಿರಾಶ್ರಿತೆಯೇ. ಸುತ್ತ ಕರಿ ಬಟ್ಟೆಯ ಹಳ್ಳಿ ಹೆಂಗಸರು, ಮೈಮೇಲೆ ಸಾದಾ ಉಡುಪು. ಕೊನೆಗೆ ಹೊಗೆ ಉಗುಳುವ ಬೆಟ್ಟ ಹತ್ತುವಾಗ ಬೆವರು, ಧೂಳು, ಕಣ್ಣೀರು ಎಲ್ಲ ಒಂದೇ ಮುಖದಲ್ಲಿ. 'ಕಾಸಾಬ್ಲಾಂಕಾ'ದ ನಿರಾಶ್ರಿತೆಯನ್ನು ನೋಡಿದರೆ ನಮಗೆ ಪ್ರೀತಿ ಹುಟ್ಟುತ್ತದೆ. ಇವಳನ್ನು ನೋಡಿದರೆ ದಿಕ್ಕಿಲ್ಲದವಳ ಪಾಡು ಅಂದರೇನು ಅಂತ ಅರ್ಥವಾಗುತ್ತದೆ. ಹಾಗಂತ ಯುರೋಪಿನವರೆಲ್ಲ ಸಾದಾ ಎಂದೇನಲ್ಲ, ಬ್ರಿಜಿತ್ ಬಾರ್ದೋ ಕೂಡ ಅಲ್ಲಿಯವಳೇ. ಆದರೆ ಉಡುಪು ನಟಿಯದಲ್ಲ, ಪಾತ್ರದ್ದು ಎಂಬ ಹಟ ಅಲ್ಲಿನ ಒಳ್ಳೆಯ ನಿರ್ದೇಶಕರಿಗಿತ್ತು.

ಇಂಗ್ರಿಡಳಿಗೆ ಗಂಡ, ಮಗಳು ಇದ್ದರು. ರೊಸೆಲಿನಿಗೂ ಮದುವೆಯಾಗಿತ್ತು. ಇಬ್ಬರಿಗೂ ಪ್ರೇಮವಾಗಿ 1950ರ ಫೆಬ್ರವರಿಯಲ್ಲಿ ಮಗ ಹುಟ್ಟಿದ. ಅಮೆರಿಕ ಕೆಂಡವಾಯಿತು. ಮಾರ್ಚ್‌ನಲ್ಲಿ ಸೆನೆಟ್ ಸದಸ್ಯ ಎಡ್ವಿನ್ ಜಾನ್ಸನ್ ಸಭೆಯಲ್ಲೇ ಆಕೆಯನ್ನು ಜರೆದ. ಸನ್ಯಾಸಿನಿಯ ಬಟ್ಟೆಯನ್ನು ನಂಬಿದ ಜನ ಅದರೊಳಗಿನ ಹೆಂಗಸನ್ನು ಕ್ಷಮಿಸಲಿಲ್ಲ. ಮಗಳು ಪಿಯಾಳನ್ನು ವರ್ಷಗಟ್ಟಲೆ ಅಗಲಿರಬೇಕಾಯಿತು. ರೊಸೆಲಿನಿಯ ಚಿತ್ರಗಳು ಓಡಲಿಲ್ಲ, ಆ ಮದುವೆಯೂ ಮುರಿಯಿತು. 1956ರ 'ಅನಸ್ತಾಸಿಯಾ'ಕ್ಕೆ ಮತ್ತೆ ಆಸ್ಕರ್ ಕೊಟ್ಟು ಹಾಲಿವುಡ್ ರಾಜಿಯಾಯಿತು. ಮೂರನೆಯದು 1974ರ 'ಮರ್ಡರ್ ಆನ್ ದ ಓರಿಯೆಂಟ್ ಎಕ್ಸ್‌ಪ್ರೆಸ್'ಗೆ.

1978ರಲ್ಲಿ ಸ್ವೀಡಿಷ್ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ನನ 'ಆಟಮ್ ಸೊನಾಟಾ'. ಮತ್ತೆ ಪಿಯಾನೋ ವಾದಕಿಯ ಪಾತ್ರ, ಆದರೆ ಈಗ ವಯಸ್ಸಾದ ತಾಯಿ. ಊಟಕ್ಕೆ ಕೆಂಪು ಉಡುಪಿನಲ್ಲಿ ಬರುವ ತಾಯಿ, ಎದುರಿಗೆ ಕನ್ನಡಕ ಹಾಕಿದ ಸಾದಾ ಮಗಳು. ಹಾಲಿವುಡ್ಡೂ ಯುರೋಪೂ ಒಂದೇ ಮನೆಯಲ್ಲಿ ಎದುರುಬದುರು ಕೂತ ಹಾಗೆ! ರಾತ್ರಿ ಮಗಳು ತಾಯಿಯ ತಪ್ಪುಗಳನ್ನೆಲ್ಲ ಎತ್ತಿ ಆಡುವಾಗ ಕ್ಯಾಮೆರಾ ಇಂಗ್ರಿಡಳ ಒಂದೊಂದು ಸುಕ್ಕನ್ನೂ ಹತ್ತಿರದಿಂದ ನೋಡುತ್ತದೆ. ಆಕೆ ಮುಖ ಮರೆಸುವುದಿಲ್ಲ. ಆಗಲೇ ಕ್ಯಾನ್ಸರ್ ಹಿಡಿದಿತ್ತು. 1982ರ ಆಗಸ್ಟ್ 29ರಂದು, ತನ್ನ 67ನೆಯ ಹುಟ್ಟುಹಬ್ಬದ ದಿನವೇ ಲಂಡನ್ನಿನಲ್ಲಿ ತೀರಿಕೊಂಡಳು.

ಸಾಧ್ಯವಾದರೆ 'ಕಾಸಾಬ್ಲಾಂಕಾ', 'ಸ್ಟ್ರೊಂಬೊಲಿ', 'ಆಟಮ್ ಸೊನಾಟಾ' ಮೂರನ್ನೂ ಒಂದೇ ವಾರದಲ್ಲಿ ನೋಡಿ, ಗೆಳೆಯರೇ. ಮೂರರಲ್ಲೂ ಹುಬ್ಬು ಅದೇ. ಯಾವ ಮುಖ ಚೆಂದ ಅಂತ ಆಮೇಲೆ ಜಗಳ ಆಡೋಣ.