ಕರುಣೆಯನ್ನುಂಡು ಕರುಣೆಯನ್ನೇ ಹಾಡಿದ ಶ್ರೀ ಜಗನ್ನಾಥದಾಸಾರ್ಯರು

ಹರಿದಾಸ ಸಾಹಿತ್ಯದಲ್ಲಿ ಹರಿಕಥಾಮೃತಸಾರಕ್ಕಿರುವ ಸ್ಥಾನ ಅನನ್ಯವಾದುದು. ಭಾಮಿನೀ ಷಟ್ಪದಿಯಲ್ಲಿ ರಚಿತವಾದ ಈ ಮಹಾಗ್ರಂಥದಲ್ಲಿ ಮಂಗಳಾಚರಣ ಸಂಧಿಯ ಅನಂತರ ಬರುವುದೇ ಕರುಣಾಸಂಧಿ. ತತ್ತ್ವ, ತಾರತಮ್ಯ, ಬಿಂಬೋಪಾಸನೆಗಳಂತಹ ಗಹನ ವಿಷಯಗಳನ್ನು ನಿರೂಪಿಸುವ ಮೊದಲೇ ಗ್ರಂಥಕರ್ತರಾದ ಶ್ರೀ ಜಗನ್ನಾಥದಾಸರು ಶ್ರೀಹರಿಯ ಕಾರುಣ್ಯವನ್ನು ಹಾಡಿದರು. ಈ ಸಂಧಿಗೆ ಅವರ ಜೀವನವೇ ಒಂದು ವ್ಯಾಖ್ಯಾನದಂತಿದೆ.

ದಾಸಾರ್ಯರು 1728 ರಲ್ಲಿ, ಕೀಲಕ ಸಂವತ್ಸರದಲ್ಲಿ, ರಾಯಚೂರು ಸೀಮೆಯ ಮಾನವಿಯ ಸಮೀಪದ ಬ್ಯಾಗವಟ್ಟಿಯಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಶ್ರೀನಿವಾಸ. ಮುಂದೆ ಪುಣೆಯಲ್ಲಿ ವೃಂದಾವನಸ್ಥರಾದ ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ, ಶ್ರೀನಿವಾಸಾಚಾರ್ಯರೆಂದು ಪ್ರಸಿದ್ಧರಾದರು. ಸಂಸ್ಕೃತದಲ್ಲಿ ಅಪಾರ ಪಾಂಡಿತ್ಯ, ವಾದದಲ್ಲಿ ಗೆಲುವು, ಶಿಷ್ಯರ ಸಮೂಹ ಎಲ್ಲವೂ ಕೂಡಿಬಂದವು. ಅದರೊಡನೆ, ಕನ್ನಡದಲ್ಲಿ ಹಾಡುತ್ತ ಗೆಜ್ಜೆ ಕಟ್ಟಿ ಕುಣಿಯುವ ದಾಸರ ಬಗೆಗೆ ಒಂದು ಉದಾಸೀನವೂ ಬೆಳೆಯಿತು.

ಆ ಕಾಲದಲ್ಲಿ ಶ್ರೀ ವಿಜಯದಾಸರ ಕೀರ್ತಿ ನಾಡಿನೆಲ್ಲೆಡೆ ಹರಡಿತ್ತು. ಚೀಕಲಪರವಿಯ ಕಡುಬಡತನದಲ್ಲಿ ಬೆಳೆದು, ಕಾಶಿಯಲ್ಲಿ ಸ್ವಪ್ನಮುಖದಿಂದ ಪುರಂದರದಾಸರ ಅನುಗ್ರಹ ಪಡೆದ ಮಹನೀಯರು ಅವರು. ಮಾನವಿಗೆ ಬಂದ ವಿಜಯದಾಸರು ಶ್ರೀನಿವಾಸಾಚಾರ್ಯರನ್ನು ತೀರ್ಥಪ್ರಸಾದಕ್ಕೆ ಆದರದಿಂದ ಆಹ್ವಾನಿಸಿದರು. ದಾಸರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಮನಸ್ಸಿಲ್ಲದ ಆಚಾರ್ಯರು, ತಮಗೆ ಹೊಟ್ಟೆನೋವಿದೆ, ಹೊತ್ತು ಮೀರಿದರೆ ಸಹಿಸಲಾಗದು ಎಂಬ ನೆಪ ಹೇಳಿ ಕಳುಹಿಸಿದರು. ಇಲ್ಲದ ನೋವು ನಿಜವಾಗಿಯೇ ಬಂದಿತೆಂದು ಸಂಪ್ರದಾಯ ಹೇಳುತ್ತದೆ. ಉದರಶೂಲೆ ದಿನದಿನಕ್ಕೆ ಉಲ್ಬಣಿಸಿತು. ಔಷಧೋಪಚಾರಗಳು ಫಲಿಸಲಿಲ್ಲ. ಅನ್ನ ಸೇರದೆ ದೇಹ ಕೃಶವಾಯಿತು. ಕ್ಷೇತ್ರಸೇವೆಯಲ್ಲಿ ತೊಡಗಿದ್ದಾಗ ತಾವು ಮಾಡಿದ್ದು ಭಾಗವತಾಪರಾಧವೆಂಬ ಅರಿವು ಮೂಡಿತು.

ಪಶ್ಚಾತ್ತಾಪದಿಂದ ಬೆಂದ ಆಚಾರ್ಯರು ವಿಜಯದಾಸರ ಪಾದಗಳಲ್ಲಿ ಶರಣಾದರು. ದಾಸರಲ್ಲಿ ಕೋಪದ ಲೇಶವೂ ಇರಲಿಲ್ಲ. ಆದರೆ ಅವರು ತಾವೇ ಪರಿಹಾರ ಕೊಡದೆ, ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯರಾದ ಶ್ರೀ ಗೋಪಾಲದಾಸರ ಬಳಿಗೆ ಕಳುಹಿಸಿದರು. ಒಬ್ಬ ದಾಸರ ಮನೆಯ ಅನ್ನವನ್ನು ಬೇಡವೆಂದವರು ಈಗ ಆ ದಾಸರ ಶಿಷ್ಯರ ಬಾಗಿಲಲ್ಲಿ ನಿಲ್ಲಬೇಕಾಯಿತು. ಅಹಂಕಾರ ಕರಗಲು ಇದಕ್ಕಿಂತ ಸೌಮ್ಯವಾದ ಮಾರ್ಗ ಬೇರೊಂದಿರಲಾರದು.

ಗೋಪಾಲದಾಸರು ಬಂದವರ ಪಾಂಡಿತ್ಯವನ್ನು ಕೇಳಲಿಲ್ಲ, ಅಪರಾಧವನ್ನು ಎತ್ತಿ ಆಡಲಿಲ್ಲ. ಜೋಳದ ರೊಟ್ಟಿಯನ್ನು ಅಭಿಮಂತ್ರಿಸಿ ಉಣಿಸಿದರು. ಗಂಜಿಯನ್ನೂ ಅರಗಿಸಿಕೊಳ್ಳಲಾಗದ ಉದರಕ್ಕೆ ಆ ರೊಟ್ಟಿಯೇ ಔಷಧವಾಯಿತು. ರೋಗದೊಡನೆ ಅಲ್ಪಾಯುಷ್ಯದ ಯೋಗವೂ ಇದ್ದುದನ್ನು ಕಂಡು, ಗುರುಗಳ ಇಚ್ಛೆಯಂತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂಬುದು ದಾಸಪರಂಪರೆಯ ದೃಢ ನಂಬಿಕೆ. ಗೋಪಾಲದಾಸರು 1762 ರಲ್ಲಿ, ನಲವತ್ತರ ಆಸುಪಾಸಿನಲ್ಲೇ ಹರಿಪದ ಸೇರಿದರು. ಅವರಿಂದ ಬದುಕಿದವರು 1809 ರವರೆಗೆ, ಎಂಬತ್ತು ದಾಟುವವರೆಗೆ ಬಾಳಿದರು.

ಗೋಪಾಲದಾಸರ ಆಣತಿಯಂತೆ ಪಂಢರಾಪುರಕ್ಕೆ ತೆರಳಿದ ಆಚಾರ್ಯರಿಗೆ ಚಂದ್ರಭಾಗೆಯಲ್ಲಿ ಮಿಂದಾಗ ‘ಜಗನ್ನಾಥವಿಠಲ’ ಎಂಬ ಅಂಕಿತ ದೊರೆಯಿತು. ಯಾವ ಕನ್ನಡವನ್ನು ಕಡೆಗಣಿಸಿದ್ದರೋ ಆ ಕನ್ನಡದಲ್ಲಿಯೇ ಅವರು ಮಧ್ವಶಾಸ್ತ್ರದ ಸಾರವನ್ನು ಎರಕ ಹೊಯ್ದರು. ಸಂಸ್ಕೃತ ಬಾರದ ಸ್ತ್ರೀಯರಿಗೂ ಸಾಮಾನ್ಯರಿಗೂ ತತ್ತ್ವಜ್ಞಾನ ಕೈಗೆಟುಕಿತು. ಪಂಡಿತರು ಪಾಮರರಿಗೆ ತೋರಬಹುದಾದ ದಯೆಗಳಲ್ಲಿ ಇದಕ್ಕಿಂತ ಹಿರಿದಾವುದು? ಹಸುಗೂಸಿನ ತೊದಲು ನುಡಿಗೆ ತಾಯಿ ಹಿಗ್ಗುವಂತೆ ಭಕ್ತರ ಸ್ತುತಿಗೆ ಲಕ್ಷ್ಮೀಪತಿ ಹಿಗ್ಗುತ್ತಾನೆಂದು ಕರುಣಾಸಂಧಿ ತಿಳಿಸುತ್ತದೆ. ತಾಯಿ ಮಗುವಿನ ವ್ಯಾಕರಣವನ್ನು ಪರೀಕ್ಷಿಸುವುದಿಲ್ಲ. ಒಮ್ಮೆ ವ್ಯಾಕರಣದ ಬಲದಿಂದಲೇ ಜನರನ್ನು ಅಳೆಯುತ್ತಿದ್ದವರು ಈ ಮಾತನ್ನು ಅನುಭವದಿಂದ ಬರೆದರು.

ಉಂಡ ಕರುಣೆಯನ್ನು ದಾಸಾರ್ಯರು ತಮ್ಮಲ್ಲೇ ಇರಿಸಿಕೊಳ್ಳಲಿಲ್ಲ. ಲಿಂಗಸೂಗೂರಿನ ಶ್ರೀ ಪ್ರಾಣೇಶದಾಸರು ಮೊದಲಾದ ಶಿಷ್ಯರನ್ನು ಅನುಗ್ರಹಿಸಿದರು. ಕರ್ಜಗಿಯ ದಾಸಪ್ಪನವರು ಯೌವನದಲ್ಲಿ ವಿಷಯಸುಖಕ್ಕೆ ಮರುಳಾಗಿದ್ದವರೆಂದು ಪ್ರತೀತಿ. ಜನ ದೂರವಿಟ್ಟವರನ್ನು ದಾಸಾರ್ಯರು ಹತ್ತಿರ ಕರೆದರು, ತಿದ್ದಿದರು, ಶ್ರೀದವಿಠಲರನ್ನಾಗಿ ಮಾಡಿದರು. ಹರಿಕಥಾಮೃತಸಾರಕ್ಕೆ ಫಲಸ್ತುತಿಯನ್ನು ರಚಿಸುವ ಭಾಗ್ಯ ಒದಗಿದ್ದು ಈ ಶಿಷ್ಯರಿಗೇ. ಅಪರಾಧಿಯಾಗಿ ಬಂದು ಕ್ಷಮೆ ಪಡೆದವರು ಬರೆದ ಗ್ರಂಥಕ್ಕೆ, ಅವರಿಂದ ಕ್ಷಮೆ ಪಡೆದವರು ಮಂಗಳ ಹಾಡಿದರು.

ಜೀವರು ಅಸ್ವತಂತ್ರರು, ದೋಷಸಹಿತರು. ಶ್ರೀಹರಿಯೊಬ್ಬನೇ ಸ್ವತಂತ್ರ, ನಿರ್ದೋಷ. ಅವನ ಕರುಣೆ ಭಾಗವತರ ಮುಖದಿಂದ, ಒಮ್ಮೊಮ್ಮೆ ಒಂದು ಜೋಳದ ರೊಟ್ಟಿಯ ರೂಪದಿಂದಲೂ ಹರಿದು ಬರುತ್ತದೆ. ಭಾದ್ರಪದ ಶುದ್ಧ ನವಮಿಯಂದು ದಾಸಾರ್ಯರ ಆರಾಧನೆ ನಡೆಯುವಾಗ ಹಲವೆಡೆ ಕರುಣಾಸಂಧಿಯ ಪಾರಾಯಣವಾಗುತ್ತದೆ. ಪಾರಾಯಣದ ಅನಂತರ ಹಾಕುವ ಎಲೆಗಳಲ್ಲಿ, ಯಾರೂ ಕರೆಯದವರಿಗೂ ಒಂದು ಎಲೆ ಇದ್ದರೆ ಆ ಸಂಧಿಯ ಅರ್ಥ ಪೂರ್ಣವಾಗುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥