ತೊಟ್ಟಿಯ ನೀರು ಚೆಲ್ಲಿದ ರೊನಾಲ್ಡ್ ರಾಸ್

ರೊನಾಲ್ಡ್ ರಾಸ್ ಎಂದೊಡನೆ ಶಾಲೆಯ ಹುಡುಗರೂ ಸಿಕಂದರಾಬಾದಿನ ಹೆಸರು ಹೇಳುತ್ತಾರೆ. ೧೮೯೭ನೆಯ ಇಸವಿ ಆಗಸ್ಟ್ ೨೦ರಂದು ಅಲ್ಲಿ, ಮಲೇರಿಯಾದ ರೋಗಾಣು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಬೆಳೆಯುವುದನ್ನು ಅವರು ಸೂಕ್ಷ್ಮದರ್ಶಕದ ಕೆಳಗೆ ಕಂಡರು. ಆ ದಿನವನ್ನು ಲೋಕ ಇಂದಿಗೂ ಸೊಳ್ಳೆಯ ದಿನವೆಂದು ನೆನೆಯುತ್ತದೆ. ಅದು ಉಚಿತವೇ ಸರಿ. ಆದರೆ ಅದಕ್ಕೆ ಹದಿನಾಲ್ಕು ವರ್ಷ ಮುಂಚೆ, ನಮ್ಮ ಬೆಂಗಳೂರಿನಲ್ಲಿ, ಯಾವ ಯಂತ್ರದ ನೆರವೂ ಇಲ್ಲದೆ ಅವರು ಕಂಡುಕೊಂಡ ಸಣ್ಣದೊಂದು ಸಂಗತಿ ಉಂಟು. ಕೊಳ್ಳೇಗಾಲದ ಬಳಿಯ ಮಧುವನಹಳ್ಳಿಯವನಾದ ನನಗೆ, ನಮ್ಮ ಮನೆಮಠಗಳ ಮಟ್ಟಿಗೆ ಅದೇ ಹೆಚ್ಚಿನದೆಂದು ತೋರುತ್ತದೆ.

ರಾಸರು ಹುಟ್ಟಿದ್ದು ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ, ೧೮೫೭ರ ಮೇ ೧೩ರಂದು. ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದ ಮೂರನೆಯ ದಿನ. ತಂದೆ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಅಧಿಕಾರಿ. ಬಾಲ್ಯದಲ್ಲಿಯೇ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಕಳುಹಿಸಲ್ಪಟ್ಟ ಬಾಲಕನ ಮನಸ್ಸು ಕಾವ್ಯ, ಸಂಗೀತ, ಚಿತ್ರಗಳತ್ತ ಹರಿಯಿತು. ತಂದೆಯ ಹಟ ಬೇರೆ, ಮಗ ವೈದ್ಯನಾಗಬೇಕು. ಮಗ ಒಲ್ಲದ ಮನಸ್ಸಿನಿಂದಲೇ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಓದಿ, ೧೮೮೧ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿದರು. ಕವಿತೆ ಕಾದಂಬರಿಗಳನ್ನು ಬರೆಯುವುದನ್ನೂ ಗಣಿತದ ಅಭ್ಯಾಸವನ್ನೂ ಕೊನೆಯವರೆಗೆ ಬಿಡಲಿಲ್ಲ. ಮುಂದೆ ಆ ಗಣಿತವೇ ಅವರ ಕೈಹಿಡಿಯಿತು.

೧೮೮೩ರಲ್ಲಿ ಅವರಿಗೆ ಬೆಂಗಳೂರಿನ ದಂಡಿನಲ್ಲಿ ವೈದ್ಯಾಧಿಕಾರಿಯ ಕೆಲಸ ದೊರೆಯಿತು. ಊರು ಅವರಿಗೆ ಬಹಳ ಹಿಡಿಸಿತು, ಬಂಗಲೆಯೂ ಹಿಡಿಸಿತು. ಹಿಡಿಸದಿದ್ದುದು ಸೊಳ್ಳೆಗಳು. ತಮ್ಮ ಕೋಣೆಯಲ್ಲಿ ಉಳಿದವರ ಕೋಣೆಗಳಿಗಿಂತ ಅವುಗಳ ಕಾಟ ಏಕೆ ಹೆಚ್ಚೆಂದು ನೋಡಹೊರಟ ತರುಣ ವೈದ್ಯರಿಗೆ, ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯೊಂದು ಕಣ್ಣಿಗೆ ಬಿತ್ತು. ಒಳಗೆ ಬಾಲದ ಹುಳುಗಳು ಕುಣಿಯುತ್ತಿದ್ದುವು. ತೊಟ್ಟಿಯನ್ನು ಬೋರಲು ಹಾಕಿಸಿದರು. ಸೊಳ್ಳೆಗಳು ಇಳಿದುಹೋದುವು. ಕಥೆ ಇಷ್ಟೇ. ಆ ಸೊಳ್ಳೆ ರೋಗ ತರುತ್ತದೆಂಬ ಅರಿವು ಆಗ ಅವರಿಗೆ ಇರಲಿಲ್ಲ. ನಿದ್ದೆ ಬಂದರೆ ಸಾಕಾಗಿತ್ತು.

ಉತ್ಸಾಹದಿಂದ ಅವರು ಪಡೆಯ ಅಡ್ಜುಟೆಂಟರ ಬಳಿ ಹೋಗಿ, ಭೋಜನಶಾಲೆಯ ಸುತ್ತಲಿನ ತೊಟ್ಟಿ, ಹೂದಾನಿ, ಡಬ್ಬಗಳಲ್ಲಿ ನಿಂತ ನೀರನ್ನೂ ಚೆಲ್ಲಿಸಬೇಕೆಂದು ಬಿನ್ನವಿಸಿದರು. ಆ ದೊಡ್ಡಮನುಷ್ಯರು ಒಪ್ಪಲಿಲ್ಲ. ಸೃಷ್ಟಿಯ ಕ್ರಮವನ್ನು ಕದಡಬಾರದು, ಸೊಳ್ಳೆಗೂ ಏನೋ ಉದ್ದೇಶವಿದ್ದೇ ತೀರಬೇಕು, ನಾವು ಸಹಿಸಿಕೊಳ್ಳತಕ್ಕದ್ದು ಎಂದುಬಿಟ್ಟರು. ವಾಚಕರು ನಗಬಹುದು. ಆದರೆ ನಮ್ಮ ಬೀದಿಗೆ ಆಶಾ ಕಾರ್ಯಕರ್ತೆಯರು ಬಂದು ನೀರಿನ ಡ್ರಮ್ಮಿನೊಳಗೆ ಟಾರ್ಚು ಬಿಟ್ಟು ನೋಡುವಾಗ ಕೆಲವರು ತೋರುವ ಬೇಸರವನ್ನು ಕಂಡಿರುವ ನಾನು, ಆ ಅಡ್ಜುಟೆಂಟರನ್ನು ನೋಡಿ ಪೂರಾ ನಗಲಾರೆ.

ಮುಂದಿನ ಹತ್ತು ವರ್ಷ ಹೇಳಿಕೊಳ್ಳುವಂಥದೇನೂ ಇಲ್ಲ. ಬರ್ಮಾ, ಅಂಡಮಾನ್, ಮದರಾಸು ಎಂದು ವರ್ಗಗಳು, ೧೮೮೯ರಲ್ಲಿ ವಿವಾಹ. ಮಲೇರಿಯಾದ ಜೀವಿಯನ್ನು ಫ್ರೆಂಚ್ ವೈದ್ಯ ಲಾವೆರಾನ್ ೧೮೮೦ರಲ್ಲಿಯೇ ಆಲ್ಜೀರಿಯಾದಲ್ಲಿ ಕಂಡಿದ್ದರೂ ರಾಸರು ಅದನ್ನು ನಂಬಿರಲಿಲ್ಲ. ೧೮೯೪ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯರು ಅದನ್ನು ರಕ್ತದ ಹನಿಯಲ್ಲಿ ತೋರಿಸಿ, ಇದನ್ನು ಸೊಳ್ಳೆಯೇ ಸಾಗಿಸುತ್ತಿರಬಹುದೆಂಬ ತಮ್ಮ ಊಹೆಯನ್ನೂ ತಿಳಿಸಿದರು. ಆದರೆ ಊಹೆಯ ಅರ್ಧ ತಪ್ಪಾಗಿತ್ತು: ಸೊಳ್ಳೆ ಸತ್ತುಬಿದ್ದ ನೀರನ್ನು ಕುಡಿದವರಿಗೆ ಜ್ವರ ಬರುತ್ತದೆಂದು ಮ್ಯಾನ್ಸನ್ ಎಣಿಸಿದ್ದರು. ಸಿಕಂದರಾಬಾದಿಗೆ ಬಂದ ರಾಸರು ಅಂಥ ನೀರನ್ನು ಲಕ್ಷ್ಮಣನೆಂಬವನಿಗೆ ಕುಡಿಸಿಯೂ ನೋಡಿದರು. ವಿಜ್ಞಾನದ ಇತಿಹಾಸದಲ್ಲಿ ಆ ಲೋಟ ನೀರಿಗೂ ಕುಡಿದವನಿಗೂ ದೊರೆತ ಸ್ಥಾನ ಬಹಳ ಕಿರಿದು.

೧೮೯೫ರ ಸೆಪ್ಟೆಂಬರಿನಲ್ಲಿ ಕಾಲರಾ ಹಬ್ಬಿದ್ದ ಬೆಂಗಳೂರಿಗೆ, ನೈರ್ಮಲ್ಯದ ಹೊಣೆ ಹೊರಲೆಂದು ಅವರನ್ನು ಮತ್ತೆ ಕಳುಹಿಸಲಾಯಿತು. ಸಂಶೋಧನೆ ಕುಂಟಿತು. ಆದರೆ ಊರನ್ನು ರೋಗದಿಂದ ಕಾಯುವುದೆಂದರೆ ಔಷಧಿಯ ಬಾಟಲಿಗಿಂತ ಚರಂಡಿ, ಬಾವಿ, ಕಸದ ಗುಂಡಿಗಳ ಲೆಕ್ಕವೆಂಬ ಪಾಠವನ್ನು ಅವರಿಗೆ ಕಲಿಸಿದ್ದು ಈ ಬೆಂಗಳೂರೇ ಎಂದು ನಾನು ತಿಳಿದಿದ್ದೇನೆ. ೧೮೯೭ರ ಬೇಸಗೆಯಲ್ಲಿ ಊಟಿಗೆ ಹೋಗಿ, ನೀಲಗಿರಿಯ ಉತ್ತರದ ಇಳಿಜಾರಿನ ಸೀಗೂರು ಘಟ್ಟದಲ್ಲಿ ಸೊಳ್ಳೆ ಹುಡುಕುವಾಗ ಅವರೇ ಮಲೇರಿಯಾಕ್ಕೆ ಸಿಕ್ಕಿದರು. ಆ ಘಟ್ಟದ ಕೆಳಗಿನ ಕಾಡು ಪೂರ್ವಕ್ಕೆ ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರನ ಬೆಟ್ಟಗಳವರೆಗೆ ಹಬ್ಬಿದ ಕಾಡೇ. ಆಗ ನಮ್ಮ ಕೊಳ್ಳೇಗಾಲವೂ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಮೈಸೂರಿಗೆ ಬಂದದ್ದು ೧೯೫೬ರಲ್ಲಿ. ಮಲೆಗೆ ಹೋಗಿ ಬಂದವರು ಹೊದಿಕೆ ಹೊದ್ದು ನಡುಗುವ ಚಳಿಜ್ವರ ನಮ್ಮವರಿಗೆ ಹೊಸದಲ್ಲ. ರಾಸರ ಜ್ವರ ನಮ್ಮ ನೆರೆಯ ಕಾಡಿನದೆಂಬ ಮಾತು ಓದಿದಾಗ ಅವರ ಮೇಲೆ ಒಂದು ಬಗೆಯ ಬಂಧುಭಾವ ನನಗೆ ಹುಟ್ಟಿತು.

ಸಿಕಂದರಾಬಾದಿಗೆ ಹಿಂದಿರುಗಿದ ಮೇಲೆ ಅವರ ದುಡಿಮೆ ವರ್ಣಿಸಲಸದಳ. ಸೆಕೆ, ಪಂಕ ಬೀಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆಂದು ಅದೂ ಬೇಡ, ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳಿಗೆ ತುಕ್ಕು. ಅಷ್ಟರವರೆಗೆ ಅವರು ಕೊಯ್ದು ನೋಡಿದ್ದು ಬಹುಪಾಲು ಬೂದು ಬಣ್ಣದ ಮತ್ತು ಪಟ್ಟೆಪಟ್ಟೆಯ ಸೊಳ್ಳೆಗಳನ್ನು. ಅವುಗಳಲ್ಲಿ ಏನೂ ಸಿಕ್ಕಲಿಲ್ಲ. ಕೊನೆಗೆ ರೆಕ್ಕೆಯ ಮೇಲೆ ಚುಕ್ಕೆಯಿರುವ ಬೇರೊಂದು ಜಾತಿ ಕೈಗೆ ಬಂತು. ಇಂದು ಅನಾಫಿಲಿಸ್ ಎನ್ನುತ್ತೇವೆ. ಹುಸೇನ್ ಖಾನ್ ಎಂಬ ರೋಗಿ ಒಂದೊಂದು ಸೊಳ್ಳೆಯ ಕಡಿತಕ್ಕೆ ಒಂದೊಂದು ಆಣೆ ಪಡೆದು ಮೈಯೊಡ್ಡಿದ. ಆ ಸೊಳ್ಳೆಗಳಲ್ಲಿ ಒಂದರ ಹೊಟ್ಟೆಯಲ್ಲಿಯೇ, ಮಲೇರಿಯಾಕ್ಕೆ ಮಾತ್ರ ಇರುವ ಕಪ್ಪು ಕಣಗಳುಳ್ಳ ಗುಂಡುಕೋಶಗಳು ಆಗಸ್ಟ್ ೨೦ರಂದು ಕಾಣಿಸಿದ್ದು.

ಅದಾದ ಕೆಲವೇ ವಾರಗಳಲ್ಲಿ ಸರ್ಕಾರ ಅವರನ್ನು ರಾಜಪುತಾನದ ಖೇರವಾಡಕ್ಕೆ ವರ್ಗಮಾಡಿತು. ಅಲ್ಲಿ ಮಲೇರಿಯಾವೇ ಅಪರೂಪ! ಮ್ಯಾನ್ಸನ್ನರು ಲಂಡನ್ನಿನಲ್ಲಿ ಓಡಾಡಿದ ಫಲವಾಗಿ ೧೮೯೮ರಲ್ಲಿ ಕಲ್ಕತ್ತೆಯಲ್ಲಿ ಅನುಕೂಲ ದೊರೆಯಿತು. ಮನುಷ್ಯರನ್ನು ಬಿಟ್ಟು ಹಕ್ಕಿಗಳ ಮಲೇರಿಯಾವನ್ನು ಹಿಡಿದು, ಮಹಮ್ಮದ್ ಬಕ್ಷ್ ಎಂಬ ಸಹಾಯಕನ ನೆರವಿನಿಂದ, ರೋಗಾಣು ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಬಂದು ಕಡಿತದೊಡನೆ ಮೈಗಿಳಿಯುತ್ತದೆಂದು ಜುಲೈ ತಿಂಗಳಲ್ಲಿ ಸಾಧಿಸಿದರು. ಅದೇ ವರ್ಷ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾಕ್ಕೂ ಅದನ್ನೇ ತೋರಿಸಿದರು. ಗ್ರಾಸ್ಸಿಯ ಮೇಲೆ ರಾಸರು ಬದುಕಿಡೀ ಕಾರಿದ ಕಿಡಿ ಅವರ ಘನತೆಗೆ ತಕ್ಕುದಲ್ಲ. ೧೯೦೨ರ ನೊಬೆಲ್ ಪಾರಿತೋಷಕ ತಮಗೊಬ್ಬರಿಗೇ ದೊರೆತ ಮೇಲಾದರೂ ಅವರು ತಣ್ಣಗಾಗಬಹುದಿತ್ತು.

ಇಷ್ಟಾದ ಮೇಲೆ ಅವರು ಹಿಂದಿರುಗಿ ಬಂದದ್ದು ಆ ತೊಟ್ಟಿಗೆ. ೧೮೯೯ರಲ್ಲಿ ಭಾರತವನ್ನು ಬಿಟ್ಟು ಲಿವರ್‌ಪೂಲಿಗೆ ಹೋದವರು, ಊರೂರಿಗೆ ಸೊಳ್ಳೆಯ ದಳಗಳನ್ನು ಕಟ್ಟಬೇಕೆಂದು ಸಾರತೊಡಗಿದರು: ಆಳುಗಳು ಮನೆಮನೆಗೆ ಹೋಗಿ ಡಬ್ಬ, ಒಡಕು ಮಡಕೆ, ತೊಟ್ಟಿಗಳ ನೀರು ಚೆಲ್ಲಬೇಕು, ಚೆಲ್ಲಲಾಗದ ಹೊಂಡಕ್ಕೆ ಎಣ್ಣೆ ಬಿಡಬೇಕು. ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾದಲ್ಲಿ ಅವರ ಸಲಹೆಯಂತೆ ನಡೆದು ಕೆಲವೇ ವರ್ಷಗಳಲ್ಲಿ ಮಲೇರಿಯಾ ಅಡಗಿತು. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ನಡೆದ ಪ್ರಯೋಗ ಮಾತ್ರ ಫಲಿಸಲಿಲ್ಲ. ಅಲ್ಲಿ ಅರೆಮನಸ್ಸಿನಿಂದ, ಚಿಕ್ಕ ಜಾಗದಲ್ಲಿ ಕೆಲಸಮಾಡಿದರೆಂದು ರಾಸರು ಕೆರಳಿದರು. ನಮ್ಮ ದೇಶದಲ್ಲಿ ಆ ಮಾರ್ಗಕ್ಕೆ ಅದರಿಂದ ಬಿದ್ದ ಪೆಟ್ಟು ಸಣ್ಣದಲ್ಲ. ಎಲ್ಲ ಸೊಳ್ಳೆಗಳನ್ನೂ ಕೊಲ್ಲುವುದು ಆಗದ ಮಾತೆಂದವರಿಗೆ ಅವರು ಗಣಿತದಿಂದ ಉತ್ತರವಿತ್ತರು. ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಇಳಿದರೆ ಸಾಕು, ಒಬ್ಬ ರೋಗಿಯಿಂದ ಮತ್ತೊಬ್ಬ ರೋಗಿ ಹುಟ್ಟುವ ಮೊದಲೇ ಜ್ವರ ತಾನಾಗಿ ಆರಿಹೋಗುತ್ತದೆ. ಸಾಂಕ್ರಾಮಿಕ ರೋಗಗಳ ಇಂದಿನ ಲೆಕ್ಕಾಚಾರಕ್ಕೆಲ್ಲ ಆ ಸಮೀಕರಣಗಳೇ ಅಡಿಗಲ್ಲು.

ಸಿಕಂದರಾಬಾದಿನಲ್ಲಿ ಅವರು ನಿರಪರಾಧಿಯೆಂದು ಬಿಟ್ಟ ಪಟ್ಟೆಯ ಸೊಳ್ಳೆಗಳ ಕುಲದಲ್ಲಿಯೇ ಈಡಿಸ್ ಈಜಿಪ್ಟೈ ಇದೆ. ಆಫ್ರಿಕದಿಂದ ಹಡಗುಗಳ ನೀರಿನ ಪೀಪಾಯಿಗಳೊಡನೆ ಲೋಕವೆಲ್ಲ ಹರಡಿದ ಪರದೇಶಿ ಇದು. ಹಳದಿ ಜ್ವರವನ್ನು ಇದೇ ಹರಡುತ್ತದೆಂದು ೧೯೦೦ರಲ್ಲಿ ಕ್ಯೂಬಾದಲ್ಲಿ ಸಿದ್ಧವಾಯಿತು. ನಮ್ಮಲ್ಲಿ ಇದು ಹರಡುವುದು ಡೆಂಗಿ, ಚಿಕೂನ್‌ಗುನ್ಯ. ೨೦೦೬ರಲ್ಲಿ ಚಿಕೂನ್‌ಗುನ್ಯ ಕರ್ನಾಟಕದ ಹಳ್ಳಿಹಳ್ಳಿಗಳ ಕೀಲು ಹಿಡಿದದ್ದನ್ನು ಯಾರು ಮರೆತಾರು? ಇದಕ್ಕೆ ಕೆರೆ ಬೇಡ, ಗದ್ದೆ ಬೇಡ. ದನದ ಕಲ್ಲುಬಾನಿ, ಹಿತ್ತಲ ಒರಳು, ತೆಂಗಿನ ಚಿಪ್ಪು ಸಾಕು. ರೇಷ್ಮೆಹುಳುವಿನ ಅಟ್ಟಣಿಗೆಗೆ ಇರುವೆ ಹತ್ತದಂತೆ ಕಾಲುಗಳ ಕೆಳಗಿಡುವ ನೀರಿನ ಬಟ್ಟಲಾದರೂ ಸಾಕು. ನಮ್ಮ ಸೀಮೆಯ ತೊಡಕು ಇಲ್ಲಿಯೇ: ಹುಳುಮನೆಯಿರುವ ಕಡೆ ಸೊಳ್ಳೆಗೆಂದು ವಿಷ ಸಿಂಪಡಿಸಿದರೆ ಮೊದಲು ಸಾಯುವುದು ರೇಷ್ಮೆಹುಳು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯ ಒಳಗನ್ನು ತಿಕ್ಕಿ ಒಣಗಿಸುವುದೊಂದೇ ನಮಗೆ ಉಳಿದ ಹಾದಿ. ತಿಕ್ಕಲೇಬೇಕು, ಗೋಡೆಗಂಟಿದ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿರುತ್ತದೆ. ೨೦೨೪ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆಮರಿ ಸಿಕ್ಕ ಹಳ್ಳಿಯ ಮನೆಗೆ ೨೦೦ ರೂಪಾಯಿ ದಂಡವೆಂದು ನಿಯಮಮಾಡಿತು.

ಹೋಗುವ ಸೊಳ್ಳೆಯೂ ಉಂಟು. ರಾಸರ ಚುಕ್ಕೆರೆಕ್ಕೆಯ ಬಳಗದ ಅನಾಫಿಲಿಸ್ ಸ್ಟೀಫೆನ್ಸಿ ನಮ್ಮ ಕಡೆಯದು. ಪಟ್ಟಣದ ಬಾವಿ, ಮಾಳಿಗೆಯ ತೊಟ್ಟಿಗಳಲ್ಲಿ ಮರಿಮಾಡುವುದು ಅದರ ವಿಶೇಷ. ಮೈಸೂರು ಸಂಸ್ಥಾನದಲ್ಲಿ ಸ್ವೀಟ್ ಮತ್ತು ರಾವ್ ಎಂಬ ತಜ್ಞರು ೧೯೩೭ರಲ್ಲಿ ಮೊಟ್ಟೆಯ ರಚನೆಯಿಂದ ಅದರ ಒಳಭೇದವನ್ನು ಗುರುತಿಸಿ, ಒಂದಕ್ಕೆ ಮೈಸೊರೆನ್ಸಿಸ್ ಎಂದು ನಮ್ಮ ನಾಡಿನ ಹೆಸರನ್ನೇ ಇಟ್ಟರು. ಈ ಜಾತಿ ಸಮುದ್ರ ದಾಟಿ ೨೦೧೨ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಕಾಣಿಸಿತು. ಆ ವರ್ಷ ಅಲ್ಲಿ ವರದಿಯಾದ ಮಲೇರಿಯಾ ರೋಗಿಗಳು ೨೭. ೨೦೨೦ರಲ್ಲಿ ೭೩,೦೦೦ ಮೀರಿದರು. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಹರಡುವಿಕೆಯನ್ನು ತಡೆಯಲು ಪ್ರತ್ಯೇಕ ಕಾರ್ಯಕ್ರಮವನ್ನೇ ಹೂಡಿತು. ಅದರಲ್ಲಿಯೂ ತೊಟ್ಟಿಗಳನ್ನು ಹುಡುಕುವುದು, ಮುಚ್ಚುವುದು, ಎಣಿಸುವುದು.

ರಾಸರ ಕೊನೆಗಾಲ ಸುಖದ್ದಲ್ಲ. ಜೆನ್ನರನಿಗೆ ದೊರೆತಂತೆ ತಮಗೂ ಪಾರ್ಲಿಮೆಂಟಿನ ಬಹುಮಾನ ದೊರೆಯಬೇಕೆಂದು ಕೇಳಿ ನಿರಾಶರಾದರು. ೧೯೨೮ರಲ್ಲಿ ತಮ್ಮ ಕಾಗದಪತ್ರಗಳನ್ನೇ ಮಾರಾಟಕ್ಕಿಟ್ಟರು, ಲೇಡಿ ಹ್ಯೂಸ್ಟನ್ ಎಂಬಾಕೆ ೨,೦೦೦ ಪೌಂಡಿಗೆ ಕೊಂಡರು. ಅದಕ್ಕೆ ಹಿಂದಿನ ವರ್ಷ ಕಲ್ಕತ್ತೆಗೆ ಬಂದು, ತಮ್ಮ ನೆನಪಿಗೆಂದು ಕಟ್ಟಿದ ಕಲ್ಲಿನ ದ್ವಾರವನ್ನು ತಾವೇ ತೆರೆದಿದ್ದರು. ಅದೇ ವರ್ಷ ಪಾರ್ಶ್ವವಾಯು ಬಡಿಯಿತು. ೧೯೩೧ರಲ್ಲಿ ಪತ್ನಿ ತೀರಿಕೊಂಡರು. ೧೯೩೨ರ ಸೆಪ್ಟೆಂಬರ್ ೧೬ರಂದು, ಲಂಡನ್ನಿನಲ್ಲಿ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯಲ್ಲಿಯೇ ರಾಸರು ಕಣ್ಮುಚ್ಚಿದರು. ಪಟ್ನಿ ವೇಲ್ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲಿ ಅವರ ಸಮಾಧಿಯಿದೆ.